ಎಡಗೈ ಹೊಲಿದ ಜಾಲರಿ

ನಾನು ಒಂದು ಜಾಲರಿ. ಚಾ ಸೋಸುವ ಜಾಲರಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗೋಡೆಯ ಮೇಲೆ ನನ್ನನ್ನು ನೋಡಿದವರೆಲ್ಲ ಅದನ್ನೇ ಕೇಳುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಚಾ ಸೋಸುವಂಥದ್ದು ಅಂಗಡಿಯಲ್ಲಿ ರಾಶಿ ರಾಶಿ ಸಿಗುತ್ತದೆ. ನಾನು ಬಿಯರ್ ಕುದಿಸುವ ಹಂಡೆಯ ಒಳಗೆ, ನಲ್ಲಿಯ ಬಾಯಿಗೆ ಕಚ್ಚಿಕೊಂಡು ಕೂರುವ ಜಾಲರಿ. ಬಿಯರಿಗೆ ಕಹಿ ಕೊಡಲು ಹಾಪ್ಸ್ ಎಂಬ ಒಣಹೂ ಹಾಕುತ್ತಾರೆ. ಕುದಿದ ಮೇಲೆ ಆ ಹೂವನ್ನು ಹಿಂದೆ ತಡೆದು, ರಸವನ್ನು ಮಾತ್ರ ಹೊರಗೆ ಬಿಡುವುದು ನನ್ನ ಕೆಲಸ.

ನಾನು ಹುಟ್ಟಿದ್ದು ಮಂಗಳೂರಿನ ಬೋಳಾರದಲ್ಲಿ, ಹಿಲರಿ ಪೊರ್ಬುಗಳ ಮನೆಯ ಹಿಂದಿನ ಜಗಲಿಯಲ್ಲಿ. ಕ್ರಿಶ್ಚಿಯನ್ ಯಜಮಾನರನ್ನು ನಮ್ಮಲ್ಲಿ ಹಾಗೆ ಪೊರ್ಬುಗಳು ಎನ್ನುವುದು. ಅವರು ದಕ್ಕೆಯಲ್ಲಿ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಹಿಲರಿ ಬಂದರು ಅಂತ ಗೊತ್ತಾದರೆ ಸಾಕು, ಇಂಜಿನ್ ಹೆದರಿ ತಾನೇ ಸ್ಟಾರ್ಟ್ ಆಗುತ್ತದೆ ಎಂದು ಬೋಟಿನವರು ತಮಾಷೆ ಮಾಡುತ್ತಿದ್ದರಂತೆ. ಆದರೆ ನಾನು ಕಣ್ಣು ಬಿಡುವ ಹೊತ್ತಿಗೆ ಅವರಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು. ಮಾತು ಸ್ವಲ್ಪ ತೊದಲಿ ಆಮೇಲೆ ಸರಿಯಾಯಿತು, ಕೈ ಮಾತ್ರ ಬರಲಿಲ್ಲ. ಬೆಳಿಗ್ಗೆ ಜಗಲಿಗೆ ಬಂದು ಕುಳಿತರೆ ಸಂಜೆಯವರೆಗೆ ಅಲ್ಲೇ ಕೂತಿರುತ್ತಿದ್ದರು. ಉಪಕರಣದ ಪೆಟ್ಟಿಗೆ ಕಾಲ ಬುಡದಲ್ಲೇ ಇತ್ತು, ಅದನ್ನು ತೆರೆಯುತ್ತಿರಲಿಲ್ಲ.

ಅವರ ಹೆಂಡತಿ ಸೆವ್ರಿನ್ ಬಾಯಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಕ್ರಿಸ್ಮಸ್ಸಿಗೆ ಅವರು ಮಾಡುವ ದ್ರಾಕ್ಷಿ ವೈನಿಗೆ ಇಡೀ ವಾಡೋ, ಅಂದರೆ ಇಡೀ ಕೇರಿ, ಕಾಯುತ್ತಿತ್ತು. ಹಡಗಿನ ಅಡಿಗೆಮನೆಯಲ್ಲಿ ಕೆಲಸ ಮಾಡುವ ಅವರ ತಮ್ಮ ಗ್ರೆಗ್ಗಿ ಒಂದು ರಜೆಯಲ್ಲಿ ಬಂದು ಬಿಯರ್ ಮಾಡುವುದನ್ನೂ ಕಲಿಸಿಹೋಗಿದ್ದ. ಮಗಳು ರೆನಿಟಾಳ ಮದುವೆ ಗೊತ್ತಾಗಿತ್ತು. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಉಂಟು, ಅದಕ್ಕೆ ರೋಸ್ ಎನ್ನುತ್ತಾರೆ. "ರೋಸಿಗೆ ಬಂದವರಿಗೆ ನಮ್ಮ ಮನೆಯಲ್ಲೇ ಮಾಡಿದ ಬಿಯರ್ ಕೊಡಬೇಕು," ಎಂದು ಕೈ ಸರಿ ಇದ್ದಾಗ ಪೊರ್ಬುಗಳೇ ಊರಿಡೀ ಹೇಳಿಕೊಂಡು ಬಂದಿದ್ದರು.

ಒಂದು ದಿನ ಬಾಯಮ್ಮ ದೊಡ್ಡ ಸ್ಟೀಲ್ ಹಂಡೆಯನ್ನು ದರದರ ಎಳೆದು ತಂದು ಗಂಡನ ಮುಂದೆ ಇಟ್ಟರು.

"ಈ ಹೂ ಹೋಗಿ ನಲ್ಲಿಗೆ ಕಟ್ಟಿಕೊಳ್ಳುತ್ತದೆ. ಬಟ್ಟೆ ಕಟ್ಟಿ ನೋಡಿದೆ, ಬಟ್ಟೆಯೂ ಕಟ್ಟಿಕೊಂಡಿತು. ಎಂತ ಮಾಡುವುದು ಹೇಳಿ."

"ಪೇಟೆಯಿಂದ ತರಿಸು."

"ಪೇಟೆಯಲ್ಲಿ ಇಲ್ಲ."

ಪೇಟೆಯಲ್ಲಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಬಾಯಮ್ಮ ಯಾರ ಹತ್ತಿರವೂ ವಿಚಾರಿಸಿರಲಿಲ್ಲ. ಪೊರ್ಬುಗಳು ಹಂಡೆಯೊಳಗೆ ಬಗ್ಗಿ ನಲ್ಲಿಯನ್ನು ತುಂಬ ಹೊತ್ತು ನೋಡಿದರು. ಕೊನೆಗೆ ಕಾಲಿನಿಂದಲೇ ಪೆಟ್ಟಿಗೆಯ ಮುಚ್ಚಳ ಎತ್ತಿದರು.

ನನ್ನ ಮೈ ಸ್ಟೀಲಿನ ಬಲೆ. ಸೊಳ್ಳೆ ಬಲೆಗಿಂತ ಸಣ್ಣ ಕಣ್ಣು, ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ಬಂದದ್ದು. ತಗಡು ಕತ್ತರಿ ಬಲಗೈಯವರಿಗಾಗಿ ಮಾಡಿದ್ದು, ಎಡಗೈಗೆ ಅದು ಮಾತೇ ಕೇಳಲಿಲ್ಲ. ಕತ್ತರಿಸಿದ ಅಂಚು ಇಲಿ ಕಚ್ಚಿದ ಹಾಗೆ ಬಂತು. ಆ ಬಲೆಯನ್ನು ಬಾಯಮ್ಮನ ಲಟ್ಟಣಿಗೆಗೆ ಸುತ್ತಿ ಕೊಳವೆ ಮಾಡಿದರು. ಸೇರಿದ ಕಡೆ ತೆಳು ತಂತಿಯಿಂದ ಹೊಲಿದರು. ಹೊಲಿಯುವುದು ಅಂದರೆ ಹೇಗೆ ಅಂತೀರಿ? ಮೊಣಕಾಲುಗಳ ನಡುವೆ ನನ್ನನ್ನು ಒತ್ತಿ ಹಿಡಿದು, ಎಡಗೈಯಿಂದ ತಂತಿ ಚುಚ್ಚಿ, ಹಲ್ಲಿನಿಂದ ಎಳೆದು ಬಿಗಿ ಮಾಡುವುದು. ತಂತಿ ತಾಗಿ ತುಟಿಯಲ್ಲಿ ರಕ್ತ ಬಂತು. ಬಾಯಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಸಹಾಯಕ್ಕೆ ಮಾತ್ರ ಬರಲಿಲ್ಲ. ಬರಲು ಅವರಿಗೆ ಎಷ್ಟು ಮನಸ್ಸಿತ್ತು ಎಂದು ಅವರು ಹಿಂಡುತ್ತಿದ್ದ ಸೆರಗನ್ನು ನೋಡಿದರೆ ಗೊತ್ತಾಗುತ್ತಿತ್ತು.

ನನ್ನ ಒಂದು ತುದಿಯನ್ನು ಕಡಲೆ ಪೊಟ್ಟಣದ ಹಾಗೆ ಮಡಚಿ ಕ್ಲಿಪ್ ಹಾಕಿದರು. ಇನ್ನೊಂದು ತುದಿಗೆ ತಾಮ್ರದ ಪೈಪು. ಆ ಪೈಪನ್ನು ನಲ್ಲಿಯ ಕಡೆಗೆ ಬಗ್ಗಿಸಬೇಕಿತ್ತು. ಸುಮ್ಮನೆ ಬಗ್ಗಿಸಿದರೆ ಪೈಪು ಚಪ್ಪಟೆಯಾಗಿ ಬಿಡುತ್ತದೆ. ಅದಕ್ಕೆ ಒಳಗೆ ಮರಳು ಜಡಿದು, ಎರಡೂ ಬಾಯಿಗೆ ಮರದ ಬಿರಡೆ ಹೊಡೆದು, ಮೊಣಕಾಲಿಗೆ ಒತ್ತಿ ಸ್ವಲ್ಪ ಸ್ವಲ್ಪವೇ ಬಗ್ಗಿಸಿದರು. ಮೊದಲನೆಯದು ಸೀಳಿಹೋಯಿತು. ಎರಡನೆಯದು ಬಗ್ಗಿತು, ಚಂದವಾಗಿ ಬಗ್ಗಿತು. ಆವತ್ತು ಪೊರ್ಬುಗಳು ರಾತ್ರಿಯ ಊಟಕ್ಕೆ ಎರಡನೇ ಸಲ ಗಂಜಿ ಹಾಕಿಸಿಕೊಂಡರು.

ಕೆಲಸ ಮುಗಿದಾಗ ನನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಹೊಲಿಗೆ ಹಾವು ಹರಿದ ಹಾಗೆ ಸೊಟ್ಟ.

"ಇದು ಹಿಲರಿಯ ಕೆಲಸವಾ?" ಎಂದು ತಮ್ಮನ್ನೇ ಹೀಯಾಳಿಸಿಕೊಂಡರು.

"ಮತ್ತೆ ಯಾರದ್ದು, ನನ್ನದಾ?" ಎಂದರು ಬಾಯಮ್ಮ.

ಬಾಯಮ್ಮನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಹೊಸ ಕಾವಲಿ, ಹೊಸ ಕತ್ತಿ ಮನೆಗೆ ಬಂದಾಗ ಮಾಡುವ ಹಾಗೆ ನನಗೂ ತೆಂಗಿನೆಣ್ಣೆ ಹಚ್ಚಿದರು. ಒಂದೊಂದು ಕಣ್ಣಿಗೂ ಇಳಿಯುವ ಹಾಗೆ ತಿಕ್ಕಿದರು. ಸಮುದ್ರದ ಗಾಳಿಗೆ ಕಬ್ಬಿಣ ಬದುಕಬೇಕಾದರೆ ಎಣ್ಣೆ ಬೇಕು, ಅವರ ಅಮ್ಮ ಮಾಡಿದ್ದು, ಅಜ್ಜಿ ಮಾಡಿದ್ದು ಅದೇ. ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಆ ಹೊತ್ತಿಗೆ ಯಾರಿಗೆ ನೆನಪು? ನಾನಂತೂ ಮದುಮಗಳ ಹಾಗೆ ಮಿರಿಮಿರಿ ಮಿಂಚುತ್ತಾ ಹಂಡೆಗೆ ಇಳಿದೆ.

ನಾನು ಮಾಡಬೇಕಾದ್ದನ್ನು ಮಾಡಿದೆ, ಅದನ್ನು ಎದೆ ತಟ್ಟಿ ಹೇಳುತ್ತೇನೆ. ಹೂವೆಲ್ಲ ಕೆಸರಾಗಿ ಬಂದು ನನ್ನ ಮೈಗೆ ಮೆತ್ತಿಕೊಂಡಿತು, ಒಂದು ಎಸಳನ್ನೂ ಬಿಡಲಿಲ್ಲ. ನಲ್ಲಿಯಲ್ಲಿ ಜೇನಿನ ಬಣ್ಣದ ರಸ ಸುರ್ರನೆ ಇಳಿಯಿತು. ಪೊರ್ಬುಗಳು ಪಾತ್ರೆ ತುಂಬುವವರೆಗೂ ಪಕ್ಕದಲ್ಲೇ ನಿಂತಿದ್ದರು. ಮಾರನೇ ದಿನ ದಕ್ಕೆಗೆ ಹೋಗಿಬರುತ್ತೇನೆ ಎಂದು ಶರಟು ಇಸ್ತ್ರಿ ಮಾಡಿಸಿಕೊಂಡರು.

ಬಿಯರ್ ಹುಳಿ ಬಂದು, ಬಾಟಲಿ ಸೇರಿ, ಹದವಾಗಿ ಅದನ್ನು ತೆರೆಯುವ ದಿನ ಬಂತು. ಗ್ಲಾಸಿಗೆ ಸುರಿದರು. ರುಚಿ ಇತ್ತು, ಬಣ್ಣ ಇತ್ತು. ನೊರೆ ಮಾತ್ರ ಬರಲಿಲ್ಲ. ನೀರು ಸುರಿದ ಹಾಗೆ ಬೋಳಾಗಿ ಕೂತಿತು. ಇನ್ನೊಂದು ಬಾಟಲಿ ತೆರೆದರು, ಅದೂ ಹಾಗೆಯೇ.

ಪೊರ್ಬುಗಳ ಮುಖ ಕಪ್ಪಿಟ್ಟಿತು. "ಜಾಲರಿಯಲ್ಲಿ ದೋಷ ಉಂಟು. ತಾಮ್ರ ಸರಿ ಕೂರಲಿಲ್ಲ. ಒಂದು ಕೈಯಲ್ಲಿ ಮಾಡಿದ್ದು ಮತ್ತೆ ಹೇಗಿರುತ್ತದೆ?" ಎಂದರು. ಆಮೇಲೆ, "ಶನಿವಾರ ಗುಜರಿಯವ ಬರುತ್ತಾನಲ್ಲ, ಆ ಪೆಟ್ಟಿಗೆ ಕೊಟ್ಟುಬಿಡು. ಇದನ್ನೂ ಕೊಡು," ಎಂದು ನನ್ನನ್ನು ಪೆಟ್ಟಿಗೆಯೊಳಗೆ ಎಸೆದರು. ಸ್ಪ್ಯಾನರುಗಳ ನಡುವೆ ಬಿದ್ದುಕೊಂಡು ನಾನು ಬೆವರಿದೆ. ನನಗೆ ನನ್ನ ಜೀವದ ಚಿಂತೆ ಅಂತ ತಿಳಿಯಬೇಡಿ. ಈ ಪೆಟ್ಟಿಗೆ ಹೋದರೆ ಈ ಮನುಷ್ಯ ಜಗಲಿಯಿಂದ ಮತ್ತೆ ಏಳುವುದಿಲ್ಲ ಎಂದು ನನಗೂ ಗೊತ್ತಿತ್ತು, ಬಾಯಮ್ಮನಿಗೂ ಗೊತ್ತಿತ್ತು.

ಬಾಯಮ್ಮ ತಮ್ಮನಿಗೆ ಫೋನ್ ಮಾಡಿದರು. ಅವನು ಎಲ್ಲ ಕೇಳಿ, "ಭಾವನ ಜಾಲರಿಯಿಂದ ಹಾಗಾಗುವುದಿಲ್ಲ. ಎಲ್ಲಾದರೂ ಎಣ್ಣೆ ಜಿಡ್ಡು ತಾಗಿತಾ ನೋಡು. ಜಿಡ್ಡು ಇದ್ದಲ್ಲಿ ನೊರೆ ನಿಲ್ಲುವುದಿಲ್ಲ," ಎಂದ.

ಬಾಯಮ್ಮ ಫೋನ್ ಇಟ್ಟು ತೆಂಗಿನೆಣ್ಣೆಯ ಬಾಟಲಿ ಕಡೆ ನೋಡಿದರು. ಆಮೇಲೆ ಅಂಗಡಿಯಿಂದ ಒಂದು ಬಾಟಲಿ ಬಿಯರ್ ತರಿಸಿ ಎರಡು ಗ್ಲಾಸಿಗೆ ಸುರಿದರು. ಎರಡರಲ್ಲೂ ನೊರೆ ಉಬ್ಬಿ ನಿಂತಿತು. ಒಂದರಲ್ಲಿ ತೆಂಗಿನೆಣ್ಣೆ ಹಚ್ಚಿದ ಬೆರಳು ಅದ್ದಿದರು. ನೊರೆ ಚುಂಯ್ ಎಂದು ಇಳಿದುಹೋಯಿತು. ನಮ್ಮ ಬಾಯಮ್ಮ ಎಂಥವರೆಂದರೆ, ಅಡಿಗೆಗೆ ಉಪ್ಪು ಹೆಚ್ಚಾದರೂ ಅದು ಉಪ್ಪಿನದ್ದೇ ತಪ್ಪು ಎನ್ನುವವರು. ಅಂಥವರು ಆ ಎರಡೂ ಗ್ಲಾಸು ಹಿಡಿದುಕೊಂಡು ಜಗಲಿಗೆ ಬಂದು ಗಂಡನ ಮುಂದೆ ಇಟ್ಟರು.

"ನಾನು ಜಾಲರಿಗೆ ಎಣ್ಣೆ ಹಚ್ಚಿದ್ದೆ. ಹಾಳು ಮಾಡಿದ್ದು ನಾನು."

ಪೊರ್ಬುಗಳು ನೊರೆ ಇದ್ದ ಗ್ಲಾಸನ್ನು ನೋಡಿದರು, ಇಲ್ಲದ ಗ್ಲಾಸನ್ನು ನೋಡಿದರು.

"ಹಾಗಾದರೆ ನನ್ನ ಕೈ ಅಲ್ಲ?"

"ನಿಮ್ಮ ಕೈ ಅಲ್ಲ."

ಪೊರ್ಬುಗಳು ಅತ್ತುಬಿಟ್ಟರು. ಬಾಯಮ್ಮನೂ ಅತ್ತರು. ಶನಿವಾರ ಗುಜರಿಯವ ಬಂದಾಗ ಅವನಿಗೆ ಸಿಕ್ಕಿದ್ದು ಹಳೇ ಪೇಪರು ಮಾತ್ರ.

ನನ್ನನ್ನು ಸೋಡಾ ಹಾಕಿದ ಬಿಸಿನೀರಲ್ಲಿ ಮೂಳೆ ಬಿಳಿಚುವವರೆಗೆ ತೊಳೆದರು. ಮತ್ತೆ ಹಂಡೆ ಒಲೆ ಏರಿತು. ರೋಸಿನ ದಿನ ಅಂಗಳದಲ್ಲಿ ಚಪ್ಪರ, ರೆನಿಟಾಳ ತಲೆ ಮೇಲೆ ಸರತಿಯಲ್ಲಿ ತೆಂಗಿನಹಾಲು, ತೆಂಗಿನೆಣ್ಣೆ. ಬಂದವರೆಲ್ಲರ ಕೈಯೂ ಜಿಡ್ಡು. ಬಾಯಮ್ಮ ಸಾಬೂನು ಹಿಡಿದುಕೊಂಡು ಬಾಲ್ದಿಯ ಪಕ್ಕ ಪೊಲೀಸರ ಹಾಗೆ ನಿಂತರು. ಕೈ ತೊಳೆಯದವರಿಗೆ ಗ್ಲಾಸಿಲ್ಲ, ಬೀಗರಿಗೂ ಇಲ್ಲ. ನಾನು ಕಿಟಕಿಯ ಮೊಳೆಯಲ್ಲಿ ನೇತಾಡುತ್ತಾ ಎಲ್ಲ ನೋಡುತ್ತಿದ್ದೆ. ಪೊರ್ಬುಗಳು ಎಡಗೈಯಲ್ಲಿ ಮೊದಲ ಗ್ಲಾಸು ಸುರಿದರು. ಎರಡು ಬೆರಳು ದಪ್ಪದ ನೊರೆ ಎದ್ದು ಅಲ್ಲೇ ನಿಂತಿತು. ಆ ಗ್ಲಾಸನ್ನು ಅವರು ಬೀಗರಿಗೆ ಕೊಡಲಿಲ್ಲ, ಹೆಂಡತಿಗೆ ಕೊಟ್ಟರು. ನನ್ನ ಮೈಯ ಒಂದೊಂದು ಕಣ್ಣೂ ಆ ದಿನ ಹಿಗ್ಗಿತು.

ಆಮೇಲೆ ನನ್ನ ಸುದ್ದಿ ಹಬ್ಬಿತು. ದಕ್ಕೆಯಿಂದ ಡೀಸೆಲ್ ಸೋಸುವ ಜಾಲರಿ ಬೇಕೆಂದು ಬಂದರು, ಬೇಕರಿಯವರು ಹಿಟ್ಟು ಜರಡಿಗೆ ಬಂದರು. ಪೊರ್ಬುಗಳ ಎಡಗೈ ಪಳಗಿತು. ಈಗ ಅವರು ಹಾಕುವ ಹೊಲಿಗೆ ಗೆರೆ ಎಳೆದ ಹಾಗೆ ನೇರ. ನನ್ನ ಬಲೆ ಎರಡು ಕಡೆ ಹರಿದಿದೆ, ತಾಮ್ರ ಹಸಿರಾಗಿದೆ. ಹಂಡೆಗೆ ಹೊಸ ಜಾಲರಿ ಬಂದಿದೆ, ಲಕ್ಷಣವಾಗಿದೆ, ಸ್ವಲ್ಪ ಜಂಭವೂ ಉಂಟು. ಇಷ್ಟು ದಿನ ನಾನು ಕಿಟಕಿ ಪಕ್ಕದ ಗೋಡೆಯಲ್ಲಿ ಆರಾಮವಾಗಿದ್ದೆ.

ಮೊನ್ನೆ ಲೋಕಯ್ಯ ಎಂಬ ಬೋಟಿನ ಡ್ರೈವರನ್ನು ಅವನ ಹೆಂಡತಿ ಕೈ ಹಿಡಿದು ಕರೆದುಕೊಂಡು ಬಂದಳು. ಅವನಿಗೂ ಸ್ಟ್ರೋಕ್, ಅವನಿಗೂ ಬಲಗೈ. ಮನೆಯಲ್ಲಿ ಒಂದು ಮಾತೂ ಆಡುವುದಿಲ್ಲ ಎಂದು ಅವಳು ಹೇಳಿದಳು. ಜಗಲಿಯ ತುಂಬ ಹೊಸ ಜಾಲರಿಗಳು ಪಳಪಳ ಹೊಳೆಯುತ್ತಾ ಬಿದ್ದಿದ್ದವು. ಪೊರ್ಬುಗಳು ಅವನ್ನು ಮುಟ್ಟಲಿಲ್ಲ. ಗೋಡೆಯಿಂದ ನನ್ನನ್ನು ತೆಗೆದು ಲೋಕಯ್ಯನ ಎಡಗೈಯಲ್ಲಿ ಇಟ್ಟರು.

ಅವನು ನನ್ನನ್ನು ತಿರುಗಿಸಿ ನೋಡಿದ. ಬೆರಳು ಹೊಲಿಗೆಯ ಮೇಲೆ ನಿಧಾನ ಹೋಯಿತು.

"ಪೊರ್ಬುಲೆ, ಇದು ಸೊಟ್ಟ ಉಂಟಲ್ಲ."

"ಹೌದು ಮಾರಾಯ, ಸೊಟ್ಟ ಉಂಟು. ಅದು ನಾನು ಮಾಡಿದ ಮೊದಲನೆಯದು," ಎಂದರು ಪೊರ್ಬುಗಳು. "ನೀನು ನಾಳೆ ಬೆಳಿಗ್ಗೆ ಬಾ."

ಲೋಕಯ್ಯ ನನ್ನನ್ನು ವಾಪಸು ಕೊಡಲಿಲ್ಲ. ನಾನು ಈಗ ಅವನ ಮನೆಯಲ್ಲಿದ್ದೇನೆ.