ಹಿಂಡದ ಎಮ್ಮೆ

"ಅಕ್ಕಾರ, ಕಡೀಕ ಆ ಎಮ್ಮಿ ಹಿಂಡಿದ್ರೋ, ಇಲ್ಲೋ?"

ಹರ್ತಿಯ ಸಮುದಾಯ ಭವನದಲ್ಲಿ ಸಿನೆಮಾ ಆಗಷ್ಟೇ ಮುಗಿದಿತ್ತು. ಬೆಳಕು ಬಾರದಿರಲೆಂದು ಊರವರು ಮನೆಯಿಂದ ತಂದು ಕಿಟಕಿಗಳಿಗೆ ಕಟ್ಟಿದ್ದ ಹೊದೆಯುವ ಕೌದಿಗಳನ್ನು ಇನ್ನೂ ಬಿಚ್ಚಿರಲಿಲ್ಲ. ಮೊದಲ ಪ್ರಶ್ನೆ ಏನು ಬರುತ್ತದೋ ಎಂದು ಪರದೆಯ ಪಕ್ಕ ಕಾಯುತ್ತಿದ್ದ ರೋಹಿಣಿಗೆ ಇದು ತಾನು ತೆಗೆದ ಚಿತ್ರದ ಮಾತೇ ಎಂದು ಒಂದು ಗಳಿಗೆ ತಿಳಿಯಲಿಲ್ಲ.

"ಯಾವ ಎಮ್ಮಿ?" ಎಂದಳು.

ಭವನಕ್ಕೆ ಭವನವೇ ನಕ್ಕಿತು.

ಇಪ್ಪತ್ತೆರಡು ನಿಮಿಷದ ಚಿತ್ರ. ತಂಗಿ ತೀರಿಕೊಂಡಳೆಂದು ಫೋನು ಬಂದ ಮೇಲೆ ಒಬ್ಬ ಹೆಣ್ಣುಮಗಳು ಕತ್ತಲಾಗುವವರೆಗೆ ಹೊಸ್ತಿಲ ಮೇಲೆ ಸುಮ್ಮನೆ ಕುಳಿತಿರುತ್ತಾಳೆ, ಅಷ್ಟೇ. ಅಷ್ಟಕ್ಕೇ ರೋಹಿಣಿ ಎರಡು ವರ್ಷ ಒದ್ದಾಡಿದ್ದಳು. ಗದುಗಿನ ನಡೆಚಿತ್ರ ಬಳಗದವರು ಕ್ಯಾಮೆರಾ ಕೊಟ್ಟಿದ್ದರು, ಕಳಸಾಪುರದಲ್ಲಿ ಒಂದು ಮನೆ ಹುಡುಕಿಕೊಟ್ಟಿದ್ದರು. ಹಿಂದೆ ಮುಂದೆ ಯಾರೂ ಇಲ್ಲದವರು ತೆಗೆದ ಇಂಥ ಚಿತ್ರಗಳನ್ನು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಹಳ್ಳಿಗಳಿಗೆ ಒಯ್ದು ತೋರಿಸುವುದು ಬಳಗದ ಕೆಲಸ. ಆದರೆ ಒಯ್ಯಬೇಕೋ ಬೇಡವೋ ಎಂಬುದನ್ನು ಬಳಗ ನಡೆಸುವ ಮಾಶಾಕ ತಾನಾಗಿ ಹೇಳುವವನಲ್ಲ. ಮೊದಲು ಒಂದು ಊರಿಗೆ ತೋರಿಸಿ ಅವರನ್ನೇ ಕೇಳುತ್ತಾನೆ. ಊರವರು ಹೂಂ ಅಂದರೆ ಚಿತ್ರ ಮೂವತ್ತು ಹಳ್ಳಿ ತಿರುಗುತ್ತದೆ, ಇಲ್ಲದಿದ್ದರೆ ತೆಗೆದವರ ಲ್ಯಾಪ್‌ಟಾಪಿನಲ್ಲೇ ಮಲಗುತ್ತದೆ.

"ಆಕಿ ಬಾಜೂಕ ಕಟ್ಟೀರಲ್ರಿ, ಅದ ಎಮ್ಮಿ," ಎಂದ ಮೊದಲು ಕೇಳಿದ್ದ ದೇವಪ್ಪ. ಎರಡು ಎಮ್ಮೆ ಕಟ್ಟಿದ ರೈತ, ಬಿಡುವವನಲ್ಲ. "ಕೆಚ್ಚಲ ಬಿಗಿದು ನಿಂತೈತಿ. ಬಾಯಿ ತೆಗೀತೈತಿ, ಸಪ್ಪಳಾನ ಇಲ್ಲ. ಮೂಗ ಎಮ್ಮಿ ಏನ್ರಿ ಅದು?"

"ಅದರ ಕರ ಎಲ್ಲೈತ್ರಿ?" ಎಂದು ಹಿಂದಿನಿಂದ ಇನ್ನೊಂದು ದನಿ.

ರೋಹಿಣಿ ಬೆಟಗೇರಿಯ ನೇಕಾರರ ಓಣಿಯವಳು. ಅವಳಿಗೆ ಹಾಲೆಂದರೆ ಪಾಕೀಟು. ನೋಡಲು ಚೆಂದವೆಂದು ಎಮ್ಮೆಯನ್ನು ಅಲ್ಲಿ ನಿಲ್ಲಿಸಿಕೊಂಡಿದ್ದಳು. ಶೂಟಿಂಗಿನ ದಿನ ಮನೆಯವರು ಹಿಂಡುವ ಹೊತ್ತಾಯಿತೆಂದು ಮೂರು ಸಲ ಬಂದಿದ್ದರು, ಇವಳು ಹತ್ತೇ ನಿಮಿಷ ಎಂದು ಮೂರು ಸಲವೂ ತಡೆದಿದ್ದಳು. ಅದು ಒದರಿದ್ದನ್ನೆಲ್ಲ ಆಮೇಲೆ ಅಳಿಸಿ ಕೊಳಲು ಹಾಕಿದ್ದಳು. ಕೊಳಲಿನ ಬಗ್ಗೆ ಅವಳಿಗೆ ಬಹಳ ಹೆಮ್ಮೆಯಿತ್ತು.

ಮಾಶಾಕ ಎದ್ದು ನಿಂತ. "ಹಂಗಾರ ಮುಂದಿನ ಊರಿಗೆ ಒಯ್ಯೂಣೇನ್ರಿ?"

ದೇವಪ್ಪನೇ ಎಲ್ಲರ ಪರವಾಗಿ ತೀರ್ಮಾನ ಹೇಳಿದ: "ಒಯ್ರಿ. ಆದ್ರ ಎಮ್ಮಿ ಹಿಂಡಿ ಒಯ್ರಿ."

ರೋಹಿಣಿಗೆ ಅಳು, ಸಿಟ್ಟು ಎರಡೂ ಬಂದವು. ತಂಗಿಯನ್ನು ಕಳೆದುಕೊಂಡವಳ ಸಂಕಟ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಎಮ್ಮೆಯೊಂದೇ ಬಿದ್ದಿತ್ತು. ಆದರೆ ಸಿಟ್ಟಿನ ಹಿಂದೆಯೇ ಒಂದು ಕುತೂಹಲವೂ ಹುಳುವಿನ ಹಾಗೆ ಕೊರೆಯತೊಡಗಿತು. ಇಷ್ಟು ಜನ, ಇಪ್ಪತ್ತೆರಡು ನಿಮಿಷ, ಅದೊಂದನ್ನೇ ನೋಡಿದ್ದೇಕೆ?

ಜನ ಕರಗಿದ ಮೇಲೆ ಉಡಚವ್ವ ಎಂಬ ಮುದುಕಿ ತನ್ನ ಕೌದಿ ಬಿಚ್ಚಿಕೊಳ್ಳುತ್ತಿದ್ದಳು. ರೋಹಿಣಿ ಹೋಗಿ ಅದರ ಇನ್ನೊಂದು ತುದಿ ಹಿಡಿದಳು.

"ಆಯಿ, ಅಷ್ಟು ದುಃಖದಾಗ ಯಾರರೆ ಎಮ್ಮಿ ಹಿಂಡತಾರೇನ್ರಿ?"

"ಮತ್ತ? ನಮ್ಮ ಮನಿಯವರು ಹೋದ ದಿನ ಸಂಜೀಕ ನಾನ ಹಿಂಡೇನಿ. ಮಂದಿ ಏನಂದ್ರೋ ಏನೋ. ಎಮ್ಮಿಗೆ ಏನಂತ ಹೇಳೂದು?" ಮುದುಕಿ ಕೌದಿಯನ್ನು ಒಂದು ಮಡಿಕೆ ಮಡಿಸಿದಳು. "ನಾ ಅತ್ತಿದ್ದೂ ಅಲ್ಲೇ, ತಂಗಿ. ಮನಿ ತುಂಬ ಮಂದಿ. ಬ್ಯಾರೆ ಎಲ್ಲಿ ಜಾಗಾ ಇತ್ತು?"

ರೋಹಿಣಿ ತಾನು ಹಿಡಿದಿದ್ದ ತುದಿಯನ್ನು ಮುದುಕಿಯ ಕೈಗೆ ಕೊಟ್ಟಳು. ತನ್ನ ಚಿತ್ರದ ಹೊಸ್ತಿಲ ಮೇಲಿನ ಹೆಂಗಸು ಅವಳಿಗೆ ಮೊದಲ ಬಾರಿಗೆ ಸುಳ್ಳೆನಿಸಿದಳು.

"ಆಯಿ, ಇವತ್ತ ನೀವು ಹಿಂಡೂದನ್ನ ನನ್ನ ಚಿತ್ರಕ್ಕ ಕ್ಯಾಮೆರಾದಾಗ ತಗೊಳ್ಳೇನ್ರಿ?"

ಮುದುಕಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ತಗೋ. ಆದ್ರ ಕೋಡು ತೋರಸಬ್ಯಾಡ, ಬ್ಯಾರೆ ಎಮ್ಮಿ ಅಂತ ಗೊತ್ತಾಗತೈತಿ. ನನ್ನ ಕೈನೂ ತೋರಸಬ್ಯಾಡ, ಈ ಊರ ಮಂದಿ ಗುರ್ತು ಹಿಡೀತಾರ. ಚರಗಿ ಒಂದ ತೋರಸು."

ಕ್ಯಾಮೆರಾ ಮಾಶಾಕನ ಚೀಲದಲ್ಲಿ ಇದ್ದೇ ಇರುತ್ತಿತ್ತು. ಐದೂವರೆಗೆ ಉಡಚವ್ವ ಕರು ಬಿಟ್ಟು, ಎರಡು ಗುಟುಕು ಕುಡಿಸಿ, ಎಳೆದು ಕಟ್ಟಿ, ಎಮ್ಮೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ರೋಹಿಣಿ ನೆಲಕ್ಕೆ ಬಗ್ಗಿ ಸ್ಟೀಲಿನ ಚರಗಿಯೊಂದನ್ನೇ ಹಿಡಿದಳು. ಖಾಲಿ ಚರಗಿಗೆ ಬಿದ್ದ ಮೊದಲ ಧಾರೆ ಠಣ್ ಎಂದಿತು. ಕರು ಒದರಿತು, ಎಮ್ಮೆ ಒದರಿತು. ಹಾಲು ಏರಿದಂತೆ, ನೊರೆ ಕಟ್ಟಿದಂತೆ ಸಪ್ಪಳ ಮೆತ್ತಗಾಗುತ್ತ ಬಂತು.

ನಡುವೆ ಒಂದು ಸಲ ಧಾರೆ ನಿಂತಿತು. ರೋಹಿಣಿ ಕ್ಯಾಮೆರಾ ಮೇಲೆತ್ತಲಿಲ್ಲ. ಮೇಲಿನಿಂದ ಮುದುಕಿ ಮೂಗು ಏರಿಸಿಕೊಂಡ ಸದ್ದು ಬಂತು, ಒಂದೇ ಸಲ. ಮತ್ತೆ ಹಾಲು ಬೀಳತೊಡಗಿತು.