ಖಂಡೆಪೂಜೆಯ ಕಾಯಿನೀರು

ಚೇತನಾ ಡ್ರಮ್ಮಿನ ಮೇಲೆ ಕೈಯೂರಿದವಳು ಸಟ್ಟನೆ ತೆಗೆದಳು. ತಗಡು ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಅಂದುಕೊಂಡು ಬಾಗಿಲ ಕಡೆ ನೋಡಿದಳು. ಇಳಕಲ್ಲಿನ ಮಧ್ಯಾಹ್ನದ ಬಿಸಿಲು ಹೊಸ್ತಿಲಿನ ಆಚೆಗೇ ನಿಂತಿತ್ತು. ಡ್ರಮ್ಮು ಇದ್ದದ್ದು ಪಡಸಾಲೆಯ ನೆರಳಿನಲ್ಲಿ, ಒಳಕೋಣೆಯ ಬಾಗಿಲಿಗೆ ಹತ್ತಿ. ಮತ್ತೆ ಮುಟ್ಟಿದಳು, ಈ ಸಲ ಕೈ ಮಗುಚಿ, ಕೂಸಿಗೆ ಜ್ವರ ಬಂದಿದೆಯೋ ಎಂದು ನೋಡುವ ಹಾಗೆ. ಬಿಸಿ ಏರುತ್ತಿತ್ತು.

ಅದು ಹೈಡ್ರೋಸ್ ಡ್ರಮ್ಮು. ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಅದಿಲ್ಲದೆ ಕೆಲಸವೇ ನಡೆಯುವುದಿಲ್ಲ. ಬಾನಿಯ ಬಿಸಿನೀರಿಗೆ ಈ ಬಿಳಿ ಪುಡಿ ಸುರಿದರೆ ನೀಲಿ ಬಣ್ಣ ಕರಗಿ ಹಳದಿಯಾಗುತ್ತದೆ. ಅದ್ದಿ ತೆಗೆದ ನೂಲು ಗಾಳಿ ತಾಗಿದ ಮೇಲೆ ಕಣ್ಣೆದುರಿಗೇ ಮತ್ತೆ ನೀಲಿಗೆ ತಿರುಗುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಚೇತನಾ ಅದನ್ನು ನೋಡುತ್ತ ನಿಂತು ಒಲೆಯ ಮೇಲಿನ ಪಲ್ಯ ಸೀಯಿಸಿದ್ದಳು. ಆದರೆ ಡ್ರಮ್ಮಿನೊಳಗಿನ ಒಣ ಪುಡಿಗೆ ಒಂದು ಬೊಗಸೆ ನೀರು ಬಿದ್ದರೆ ಸಾಕು, ಅದು ತನ್ನಷ್ಟಕ್ಕೆ ತಾನೇ ಕಾಯತೊಡಗುತ್ತದೆ. ಕಾಯುತ್ತ ಹೋಗಿ, ಕಡ್ಡಿ ಗೀರುವವರಿಲ್ಲದೆಯೂ ಹೊತ್ತಿಕೊಳ್ಳುತ್ತದೆ. ಗಂಡ ವೀರೇಶ ಇದನ್ನು ಹೇಳದ ದಿನವಿಲ್ಲ. "ಬಾನ್ಯಾಗ ನೀರಿನ ಕೂಡ ಇದರ ದೋಸ್ತಿ, ಡ್ರಮ್ಮಿನ್ಯಾಗ ವೈರ. ಹಸಿ ಕೈ ಹಾಕೀರಿ ಮತ್ತ!" ದಿನಾ ಕೇಳಿ ಕೇಳಿ ಅದು ಮನೆಯವರ ಕಿವಿಗೆ ಬರೀ ಗೊಣಗಾಟವಾಗಿತ್ತು.

ಇವತ್ತು ಖಂಡೆಪೂಜೆ, ದುಡಿಮೆಯ ಸಾಮಾನಿಗೆಲ್ಲ ಪೂಜೆ ಮಾಡುವ ಹಬ್ಬ. ಪೂಜೆಯನ್ನು ಅವ್ವ ಸಕ್ರವ್ವನಿಗೆ ಒಪ್ಪಿಸಿ, ಹಬ್ಬಕ್ಕೆ ಅಕ್ಕನನ್ನು ಕರೆತರಲು ವೀರೇಶ ಹುನಗುಂದಕ್ಕೆ ಹೋಗಿದ್ದ. ಸಕ್ರವ್ವ ಏನನ್ನೂ ಬಿಟ್ಟಿರಲಿಲ್ಲ. ಮಗ್ಗ, ಲಾಳಿ, ತಕ್ಕಡಿ, ಬಾನಿ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಡ್ರಮ್ಮಿನ ಹೊಟ್ಟೆಯ ಮೇಲೂ ಮೂರು ಬೆರಳಿನ ವಿಭೂತಿ ಎಳೆದಿತ್ತು. ಮುಚ್ಚಳದ ಸಂದಿಯಿಂದ ಆಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ ಬರುತ್ತಿತ್ತು.

"ಅತ್ತೀ," ಚೇತನಾ ಕೂಗಿದಳು. "ಡ್ರಮ್ಮಿಗೆ ಏನ ಮಾಡೀರಿ?"

ಒಳಕೋಣೆಯಲ್ಲಿ ಮೊಮ್ಮಗಳ ತೊಟ್ಟಿಲು ತೂಗುತ್ತಿದ್ದ ಸಕ್ರವ್ವ ಅಲ್ಲಿಂದಲೇ ಹೇಳಿದಳು. "ಏನ ಮಾಡ್ತಾರ? ಪೂಜಿ ಮಾಡೀನಿ."

"ನೀರ ಹಾಕೀರೇನು?"

"ನೀರ್ಯಾಕ ಹಾಕ್ಲಿ? ಅಷ್ಟೂ ತಿಳೀದಾಕಿ ಏನ ನಾ? ಮುಚ್ಚಳ ತಗದು ಚೂರ ಕಾಯಿನೀರ ಬಿಟ್ಟೀನಿ. ಮಗ್ಗಕ್ಕ ಬಿಟ್ಟು, ಬಾನಿಗೆ ಬಿಟ್ಟು, ಅನ್ನ ಹಾಕೋ ಡ್ರಮ್ಮಿಗೆ ಬಿಡಲಿಲ್ಲಂದ್ರ ಅದು ಸಿಟ್ಟಾಗೂದಿಲ್ಲೇನು?"

ವೀರೇಶ ಸಾವಿರ ಸಲ ನೀರು ಅಂದಿದ್ದ. ದೇವರ ಮುಂದೆ ಒಡೆದ ಕಾಯಿಯ ಮಾತು ಒಂದು ಸಲವೂ ಎತ್ತಿರಲಿಲ್ಲ. ದೇವರಿಗೆ ಮುಟ್ಟಿದ್ದು ಕೆಡುಕು ಮಾಡೀತು ಎಂದು ಸಕ್ರವ್ವನಿಗೆ ಕನಸಿನಲ್ಲೂ ಹೊಳೆಯುವಂತಿರಲಿಲ್ಲ.

ಉದ್ದಕ್ಕೆ ಓಣಿಯ ಹಾಗೆ ಕಟ್ಟಿದ ಮನೆ ಅದು. ಮುಂದೆ ಪಡಸಾಲೆ, ನಡುವೆ ಒಳಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಇನ್ನೊಬ್ಬರ ಗೋಡೆ. ಹಿತ್ತಲ ಬಾಗಿಲಿಲ್ಲ. ಒಳಗಿರುವವರು ಹೊರಗೆ ಬರಬೇಕೆಂದರೆ ಈ ಡ್ರಮ್ಮಿನ ಪಕ್ಕದಿಂದಲೇ ಬರಬೇಕು. ಒಳಗೆ ಐದು ತಿಂಗಳ ಕೂಸಿತ್ತು.

ಮುಚ್ಚಳದ ಸಂದಿಯಿಂದ ಬಿಳಿ ಹೊಗೆಯ ಎಳೆಯೊಂದು ಎದ್ದಿತು.

ಅವಳು ಒಳಗೆ ಓಡಿ ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಂಡಳು. ಹೊಗೆ ನೋಡಿದ ಸಕ್ರವ್ವ "ಯವ್ವಾ, ಬೆಂಕಿ!" ಎನ್ನುತ್ತ ಅಡುಗೆಮನೆಗೆ ನುಗ್ಗಿ ತುಂಬಿದ ಕೊಡ ಎತ್ತಿಕೊಂಡು ಬಂದಳು. ಚೇತನಾ ಒಂದೇ ಕೈಯಲ್ಲಿ ಅದನ್ನು ಕಸಿದು ನೂಕಿದಳು. ಕೊಡ ಉರುಳಿ ನೀರು ಅಡುಗೆಮನೆಯ ಕಡೆಗೆ ಹರಿಯಿತು.

"ನೀರ ಹಾಕಿದ್ರ ಇನ್ನಾ ಹೆಚ್ಚಾಗ್ತೈತಿ! ನನ್ನ ಹಿಂದ ಬರ್ರಿ!"

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ಜನ ನಗುತ್ತಾರೆ. ಈ ಬೆಂಕಿಗೆ ಮೊದಲೇ ತೋಡಿಟ್ಟ ಬಾವಿಯೂ ಒದಗುವುದಿಲ್ಲ.

ಕೂಸಿನ ಮುಖಕ್ಕೆ ಸೆರಗು ಮುಚ್ಚಿ, ಉಸಿರು ಕಟ್ಟಿ, ಗೋಡೆಗೆ ಬೆನ್ನು ಉಜ್ಜುತ್ತ ಅವಳು ಡ್ರಮ್ಮನ್ನು ದಾಟಿದಳು. ತೊಡೆಗೆ ಝಳ ಬಡಿಯಿತು. ಬೀದಿಗೆ ಬಿದ್ದಾಗ ಪಕ್ಕದ ಮನೆಯ ತಬಸುಮ ಓಡಿಬಂದು ಕೂಸನ್ನು ತೆಗೆದುಕೊಂಡಳು. ಅವಳ ಮಾವ ನಬಿಸಾಬ ಬಕೆಟ್ಟು ಹಿಡಿದು ಹಿಂದೆಯೇ ಬರುತ್ತಿದ್ದ.

"ನೀರ ಬ್ಯಾಡ್ರಿ ಕಾಕಾ! ಉಸುಕು! ಉಸುಕು ತರ್ರಿ!"

ಎದುರಿಗೆ ಯಾರದೋ ಮನೆ ಕಟ್ಟಲು ಉಸುಕಿನ ರಾಶಿ ಬಿದ್ದಿತ್ತು. ನಬಿಸಾಬ ಮರುಮಾತಾಡದೆ ಬಕೆಟ್ಟಿನ ನೀರು ಗಟಾರಕ್ಕೆ ಚೆಲ್ಲಿ ಆ ಕಡೆ ತಿರುಗಿದ. ಚೇತನಾ ಹಿಂತಿರುಗಿ ನೋಡಿದಳು. ಅತ್ತೆ ಬಂದಿರಲಿಲ್ಲ.

ಢಪ್ಪೆಂದು ಡ್ರಮ್ಮಿನ ಮುಚ್ಚಳ ಹಾರಿತು. ಹೊಗೆ ದಟ್ಟವಾಯಿತು, ಅದರ ಬುಡದಲ್ಲಿ ಬೆಂಕಿ ಕಂಡಿತು. ಗೂಟಕ್ಕೆ ತೂಗುಹಾಕಿದ್ದ ನೂಲಿನ ಲಡಿಗಳು ಒಂದೊಂದಾಗಿ ಹೊತ್ತಿಕೊಂಡವು. ಆಚೆ ಒಳಕೋಣೆಯ ಬಾಗಿಲಲ್ಲಿ ಸಕ್ರವ್ವ ನಿಂತಿದ್ದಳು. ಹೊಗೆ ಸರಿದಾಗ ಒಂದು ಕ್ಷಣ ಇಬ್ಬರ ಕಣ್ಣೂ ಕೂಡಿದವು.

ಮನೆಯ ಕಡೆ ಓಡಿದ ಚೇತನಾ ಹೊಸ್ತಿಲಲ್ಲಿ ನಿಂತುಬಿಟ್ಟಳು. ಹೆದರಿಕೆ ಅಂದರೆ ಎದೆ ಹೊಡೆದುಕೊಳ್ಳುವುದು ಎಂದು ಅವಳು ತಿಳಿದಿದ್ದಳು. ಅದು ಹಾಗಿರಲಿಲ್ಲ. ಅದು ಮೆಲ್ಲಗೆ, ಬಹಳ ನ್ಯಾಯವಾಗಿ ಮಾತಾಡುತ್ತಿತ್ತು. ಕೂಸು ಹೊರಗಿದೆ, ಸಾಕು. ಕೂಸಿಗೆ ಹಾಲು ಕುಡಿಸಬೇಕಾದವಳು ನೀನು. ತಪ್ಪು ಮಾಡಿದವಳು ಅವಳು. ಆ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ, ಅದಕ್ಕೇ ಅವಳಿಗೆ ಬೆಂಕಿಗಿಂತ ಅದರದೇ ಭಯ ಹೆಚ್ಚಾಯಿತು.

ಒಳಗೆ ಸಕ್ರವ್ವ ಕೆಮ್ಮಿದಳು.

ಹೇಗೆ ಒಳಗೆ ಹೋದಳೋ ಚೇತನಾಳಿಗೆ ಆಮೇಲೆ ನೆನಪಾಗಲಿಲ್ಲ. ಸಕ್ರವ್ವ ಗೋಡೆಗೆ ಆತು ಕುಸಿದು ಕೂತಿದ್ದಳು.

"ನಾ ದಾಟಂಗಿಲ್ಲ ಬೇ. ನೀ ಹೋಗು. ನಾನ ಹಚ್ಚಿದ ಬೆಂಕಿ ಇದು."

"ಏಳ್ರಿ ಅತ್ತೀ. ಆಮ್ಯಾಲ ಅಳೂಣಂತ."

ತೊಟ್ಟಿಲಿನ ಕೆಳಗೆ ಹಾಸಿದ್ದ ಕೌದಿ ಕೈಗೆ ಸಿಕ್ಕಿತು. ಒದ್ದೆ ಮಾಡಲು ಚೆಲ್ಲಿದ ನೀರಿನ ಕಡೆ ಚಾಚಿದ ಕೈ ತಾನೇ ಹಿಂದಕ್ಕೆ ಸರಿಯಿತು. ಒಣ ಕೌದಿಯನ್ನೇ ಇಬ್ಬರ ತಲೆಯ ಮೇಲೆ ಎಳೆದು, ಅತ್ತೆಯ ನಡುವಿಗೆ ಕೈಹಾಕಿ ನೂಕಿಕೊಂಡು ಬಂದಳು. ಕಣ್ಣು ಉರಿದು ಏನೂ ಕಾಣಲಿಲ್ಲ. ಗಂಟಲಲ್ಲಿ ಖಾರ ಅರೆದು ಸುರಿದಂತಾಯಿತು. ಯಾರದೋ ಕೈ ಹೊರಗೆ ಎಳೆಯಿತು, ನಬಿಸಾಬನದು. ಕೌದಿಯ ಅಂಚು ಹೊತ್ತಿದ್ದನ್ನು ಅವನೇ ತುಳಿದು ಆರಿಸಿದ.

ಓಣಿಯವರು ಬುಟ್ಟಿ ಬುಟ್ಟಿ ಉಸುಕು ಸುರಿದರು. ಬೆಂಕಿ ಆರಿಸುವವರು ಬರುವ ಹೊತ್ತಿಗೆ ಡ್ರಮ್ಮು ಉಸುಕಿನೊಳಗೆ ಹೂತು ಬುಸುಗುಡುತ್ತಿತ್ತು. ಲಡಿಗಳು ಹೋದವು, ಮಗ್ಗ ಅರ್ಧ ಹೋಯಿತು, ಒಳಕೋಣೆಯ ಬಾಗಿಲ ಚೌಕಟ್ಟು ಇದ್ದಿಲಾಯಿತು. ಉಳಿದ ಮನೆ ಉಳಿಯಿತು.

ವೀರೇಶ ಅಕ್ಕನ ಜೊತೆ ಬಸ್ಸಿಳಿದು ಬಂದಾಗ ಬೀದಿಯ ತುಂಬ ಆ ಘಾಟು ಇನ್ನೂ ಇತ್ತು. ಅವನು ಮೊದಲು ಕೂಸನ್ನು, ಆಮೇಲೆ ಚೇತನಾಳನ್ನು ಮುಟ್ಟಿ ಮುಟ್ಟಿ ನೋಡಿದ.

"ಮುಚ್ಚಳ ಯಾರ ತಗದಿದ್ರು?"

ಚೇತನಾ ನೆಲ ನೋಡಿದಳು. ತಬಸುಮಳ ಕಟ್ಟೆಯ ಮೇಲೆ ಕೂತಿದ್ದ ಸಕ್ರವ್ವ ತಲೆ ಎತ್ತಿದಳು.

"ನಾನಪಾ. ಕಾಯಿನೀರ ಬಿಟ್ಟೆ."

ವೀರೇಶ ಅವ್ವನ ಪಕ್ಕ ಕೂತು ಅವಳ ಸುಟ್ಟ ಸೆರಗಿನ ತುದಿಯನ್ನು ಬೆರಳಲ್ಲಿ ಪುಡಿ ಮಾಡತೊಡಗಿದ.

ನಾಲ್ಕು ದಿನದ ಮೇಲೆ ಅತ್ತೆ ಸೊಸೆ ಇಬ್ಬರೂ ಪಡಸಾಲೆಯ ಮಸಿ ತಿಕ್ಕುತ್ತಿದ್ದಾಗ ಸಕ್ರವ್ವ ಕೈ ನಿಲ್ಲಿಸದೆ ಹೇಳಿದಳು.

"ಹೊಸ್ತಿಲದಾಗ ನೀ ನಿಂತಿದ್ದಿ. ನಾ ನೋಡೀನಿ."

ಚೇತನಾಳ ಕೈಯ ಬಟ್ಟೆ ನಿಂತಿತು.

"ನಾನಾಗಿದ್ರೂ ನಿಲ್ತಿದ್ದೆ ಬೇ," ಎಂದಳು ಸಕ್ರವ್ವ. "ಒಳಗ ಬರ್ತಿದ್ನೋ ಇಲ್ಲೋ, ಅದ ತಿಳೀವಲ್ದು." ಮತ್ತೆ ತಿಕ್ಕತೊಡಗಿದಳು.

ದೀಪಾವಳಿಯ ಹೊತ್ತಿಗೆ ಹೊಸ ಡ್ರಮ್ಮು ಬಂತು. ವೀರೇಶ ಅದನ್ನು ಹೊರಗೆ, ಕಟ್ಟೆಯ ಕೊನೆಯಲ್ಲಿ, ತಗಡಿನ ಗೂಡು ಕಟ್ಟಿಸಿ ಅದರೊಳಗೆ ಇಟ್ಟ. ಈ ಸಲ ಅವನು ಯಾರಿಗೂ ಏನೂ ಹೇಳಲಿಲ್ಲ. ಅಮಾವಾಸ್ಯೆಯ ದಿನ ಸಕ್ರವ್ವ ಕಾಯಿಯನ್ನು ಮಗ್ಗದ ಮುಂದೆ ಒಡೆದು, ನೀರನ್ನು ಅಲ್ಲೇ ಬಟ್ಟಲಿಗೆ ಹಿಡಿದಿಟ್ಟಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಸಾಲದೆಂದು ಮತ್ತೊಮ್ಮೆ ಒರೆಸಿ, ಬೆರಳ ಸಂದಿಗಳನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಗೂಡಿನ ಹತ್ತಿರ ಬಂದಳು. ಚೇತನಾ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸಕ್ರವ್ವ ಕೈ ಮಗುಚಿ ಡ್ರಮ್ಮಿನ ಮೈಗೆ ಹಚ್ಚಿದಳು. ತಗಡು ತಣ್ಣಗಿತ್ತು. ಹಚ್ಚಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.