ಪಾತಾಳಯ್ಯನ ಒಂದೂವರೆ ಸೆಕೆಂಡು

ಅವನು ಯಾವುದನ್ನೂ 'ಬಿತ್ತು' ಎನ್ನುತ್ತಿರಲಿಲ್ಲ. ಕೈಜಾರಿದ ಲೋಟ ಚೂರಾದರೆ 'ನೆಲ ಬಂತು' ಎನ್ನುತ್ತಿದ್ದ. ಮೆಟ್ಟಿಲಲ್ಲಿ ಎಡವಿ ಮೊಣಕಾಲು ತರಚಿಕೊಂಡ ಮಗುವಿನ ಮುಂದೆ ತನ್ನ ಕುಂಟುಗಾಲನ್ನು ಕಷ್ಟಪಟ್ಟು ಮಡಚಿ ಕೂತು, "ಜೋರಾಗಿ ಬಂತಾ ಮರಿ ನೆಲ?" ಎಂದು ಕೇಳಿದರೆ, ಮಗು ಅಳುವನ್ನು ಅರ್ಧಕ್ಕೆ ನಿಲ್ಲಿಸಿ ನೆಲವನ್ನೇ ಅನುಮಾನದಿಂದ ನೋಡುತ್ತಿತ್ತು. ಮೊದಮೊದಲು ಇದನ್ನು ಕುಚೇಷ್ಟೆ ಎಂದುಕೊಂಡಿದ್ದೆ. ಮೂವತ್ತು ವರ್ಷದ ಸ್ನೇಹ ಮುಗಿದು, ಅವನು ತೀರಿಕೊಂಡ ಈ ಮೂರನೆಯ ತಿಂಗಳಲ್ಲಿ, ಬೆಳಿಗ್ಗೆ ಹಾಸಿಗೆಯಿಂದ ಕಾಲಿಳಿಸುವಾಗ ನನ್ನ ಅಂಗಾಲಿಗೂ ಕೆಳಗಿನಿಂದ ಏನೋ ಬಂದು ಒತ್ತಿದ ಹಾಗಾಗುತ್ತದೆ. ಇದನ್ನು ಹೇಳಿಕೊಳ್ಳಬಹುದಾಗಿದ್ದ ಒಬ್ಬನೇ ಒಬ್ಬ ಅವನಾಗಿದ್ದ.

ಅವನ ಕಸುಬು ಲಿಫ್ಟ್ ರಿಪೇರಿ. ಹತ್ತು ಮಹಡಿಯ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಾನು ಪುಸ್ತಕಾಲಯ ನೋಡಿಕೊಳ್ಳುತ್ತಿದ್ದೆ. ಮುಂಬಾಗಿಲ ಬಳಿ ಜನ ಹತ್ತುವ ಲಿಫ್ಟು, ಹಿಂಬದಿಯಲ್ಲಿ ಸಾಮಾನು ಸಾಗಿಸುವ ದೊಡ್ಡ ಲಿಫ್ಟು. ಎರಡರ ಆರೋಗ್ಯವೂ ಅವನ ಜವಾಬ್ದಾರಿ. ಬೇಸಿಗೆಯಲ್ಲೂ ಕಳಚದ ಒಂದು ಖಾಕಿ ಕೋಟು. ಅದರ ಗುಂಡಿಯ ರಂಧ್ರ ಒಂದೊಂದಕ್ಕೂ ಒಂದೊಂದು ದಾರ, ದಾರದ ತುದಿಗೆ ಸ್ಪ್ಯಾನರ್, ಇಕ್ಕಳ, ಟಾರ್ಚು, ಬೀಗದ ಕೈ, ಕೊನೆಗೆ ಕಿವಿಗೆ ಸಿಕ್ಕಿಸುವ ಪೆನ್ಸಿಲು ಕೂಡ. ಕಾರಿಡಾರಿನಲ್ಲಿ ಅವನು ನಡೆದುಬಂದರೆ ಎತ್ತಿನ ಗಾಡಿ ಬಂದ ಸದ್ದು. ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಆ ಕಾಲನ್ನು ಊರುವ ಮುನ್ನ ಒಂದು ಕ್ಷಣ ಗಾಳಿಯಲ್ಲಿ ಹಿಡಿದು, ನೆಲ ಇದೆಯೋ ಇಲ್ಲವೋ ಎಂದು ವಿಚಾರಿಸಿಕೊಂಡು, ಆಮೇಲೆ ಇಳಿಸುತ್ತಿದ್ದ.

ಕಟ್ಟಡದವರು ಅವನಿಗೆ ಪಾತಾಳಯ್ಯ ಎಂದು ಹೆಸರಿಟ್ಟಿದ್ದರು. ಕಾರಣವಿತ್ತು. ದಿನಾ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಸಾಮಾನಿನ ಲಿಫ್ಟನ್ನು ಎರಡನೆಯ ಮಹಡಿಯಲ್ಲಿ ನಿಲ್ಲಿಸಿ, ಕರೆಂಟು ತೆಗೆದು, ಬೀಗದ ಕೈಯನ್ನು ಜೇಬಿಗಿಳಿಸಿ, ಕಬ್ಬಿಣದ ಏಣಿಯಲ್ಲಿ ಲಿಫ್ಟಿನ ಗುಂಡಿಗೆ ಇಳಿಯುತ್ತಿದ್ದ. ನೆಲಮಟ್ಟಕ್ಕಿಂತ ಆಳುದ್ದ ಕೆಳಗೆ, ಗ್ರೀಸು ಮತ್ತು ಹಳೆಯ ನೀರಿನ ವಾಸನೆಯ ನಡುವೆ, ಒಂದು ಸ್ಟೂಲು ಹಾಕಿಕೊಂಡು ಬುತ್ತಿ ಬಿಚ್ಚುತ್ತಿದ್ದ. ಮೇಲೆ ಒಂದು ಟನ್ ತೂಕದ ಗೂಡು ತೂಗಾಡುತ್ತಿರುವಾಗ ಯಾರಿಗಾದರೂ ತುತ್ತು ಇಳಿಯುತ್ತದೆಯೇ? ನಾಲ್ಕನೆಯ ಮಹಡಿಯ ಹಲ್ಲಿನ ಡಾಕ್ಟರು ಒಮ್ಮೆ ಬಗ್ಗಿ ನೋಡಿ, "ಏನಯ್ಯಾ, ಯಮನಿಗೆ ಪಕ್ಕದ ಎಲೆ ಹಾಕಿಟ್ಟಿದೀಯಾ?" ಎಂದರಂತೆ. ಇವನು ತಲೆಯೆತ್ತದೆ, "ಅವ್ನು ಉಂಡು ಹೋಗಿ ಬಹಳ ದಿನ ಆಯ್ತು ಡಾಕ್ಟ್ರೇ" ಎಂದನಂತೆ. ಡಾಕ್ಟರು ಆಮೇಲೆ ಮೆಟ್ಟಿಲು ಹತ್ತಿಯೇ ಓಡಾಡತೊಡಗಿದರು.

ಅವನು ಮೊದಲ ಸಲ ಪುಸ್ತಕಾಲಯಕ್ಕೆ ಬಂದದ್ದು ಫ್ಯಾನು ನೋಡಲು ಅಲ್ಲ, ಒಂದು ಪ್ರಶ್ನೆ ಕೇಳಲು. "ಮೇಷ್ಟ್ರೇ," ಎಂದ. ನಾನು ಯಾರಿಗೂ ಪಾಠ ಹೇಳಿದವನಲ್ಲ. ಪುಸ್ತಕಗಳ ನಡುವೆ ಕೂತವನೆಲ್ಲ ಅವನಿಗೆ ಮೇಷ್ಟ್ರೇ. "ಭೂಮಿ ನಮ್ಮನ್ನ ಎಳೀತದೆ ಅಂತಾರಲ್ಲ, ಎಳೆಯೋವಾಗ ಗೊತ್ತಾಗ್ಬೇಕಲ್ವಾ? ಕೈ ಹಿಡ್ದು ಎಳೆದ್ರೆ ಗೊತ್ತಾಗತ್ತೆ. ನಿಂತಿರೋವಾಗ ಕಾಲಿಗೆ ಗೊತ್ತಾಗೋದು ತಳ್ಳೋದು. ಬೀಳೋವಾಗ ಏನೂ ಇಲ್ಲ. ನಾನು ನೋಡಿದೀನಿ." ನೋಡಿದೀನಿ ಎಂದ ರೀತಿಗೆ ನಾನು ಎದ್ದು ನಿಂತೆ. ಭೌತಶಾಸ್ತ್ರದ ಕಪಾಟು ತೆರೆದುಕೊಟ್ಟೆ. ಶಾಲೆಯನ್ನು ಏಳನೆಯ ತರಗತಿಗೆ ಬಿಟ್ಟವನು ಗಣಿತವಿರುವ ಪುಟಗಳನ್ನು ಮುಳ್ಳುಬೇಲಿಯನ್ನು ದಾಟುವಂತೆ ಪಂಚೆ ಎತ್ತಿಕೊಂಡು ದಾಟುತ್ತ, ಎಂಟು ವರ್ಷದಲ್ಲಿ ಆ ಕಪಾಟನ್ನು ಮುಗಿಸಿದ.

ಅವನು ನೋಡಿದ್ದು ಏನೆಂಬುದು ನನಗೆ ತಿಳಿದದ್ದು ನಮ್ಮ ಸ್ನೇಹದ ಹತ್ತನೆಯ ವರ್ಷದಲ್ಲಿ, ಅದೇ ಗುಂಡಿಯಲ್ಲಿ. ಅಂದು ಅವನು ನನ್ನನ್ನೂ ಕೆಳಗೆ ಕರೆದಿದ್ದ.

ಅವನ ತಂಗಿಯ ಗಂಡ ಅವನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು 'ಭಾವ' ಎಂದೇ ಕರೆಯುತ್ತಿದ್ದರು. ಇದೇ ಸಾಮಾನಿನ ಲಿಫ್ಟಿನ ಹಗ್ಗ ಬದಲಿಸಲು ಗೂಡನ್ನು ನಾಲ್ಕನೆಯ ಮಹಡಿಯ ಎತ್ತರದಲ್ಲಿ ಚೈನಿಗೆ ನೇತುಹಾಕಿದ್ದರು. ಗೂಡು ವೇಗವಾಗಿ ಜಾರಿದರೆ ಪಕ್ಕದ ಹಳಿಗಳನ್ನು ಕಚ್ಚಿ ಹಿಡಿಯಲು ಅದರ ಅಡಿಯಲ್ಲಿ ಉಕ್ಕಿನ ದವಡೆಗಳಿರುತ್ತವೆ; ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು 'ಸೇಫ್ಟಿ'. ಕೆಲಸದ ನಡುವೆ ಗೂಡು ಗೇಣುದ್ದ ಅಲುಗಿದರೂ ಈ ದವಡೆ ಕಚ್ಚಿಕೊಂಡುಬಿಡುತ್ತದೆ, ಬಿಡಿಸಲು ಅರ್ಧ ಗಂಟೆ ಬೇಕು. ಆದ್ದರಿಂದ ಅದನ್ನು ತಂತಿಯಿಂದ ಹಿಂದಕ್ಕೆ ಕಟ್ಟಿಬಿಡುವುದು ಆ ಕಸುಬಿನವರ ಕಳ್ಳದಾರಿ. ಕಳ್ಳದಾರಿಗೂ ಒಂದು ನೇಮವಿತ್ತು: ಕಟ್ಟಿದವನೇ ಬಿಚ್ಚಬೇಕು, ಬಿಚ್ಚಿದ ಮೇಲೆಯೇ ಗೂಡಿನ ನೆತ್ತಿಗೆ ಹತ್ತಬೇಕು. ಕಟ್ಟಿದವನು ಇವನು. ಊಟ ಮುಗಿಸಿ ಬಂದಾಗ ಭಾವ ಕೆಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ, ಜೇಬಿನಲ್ಲಿ ಇಕ್ಕಳ ಕಾಣಿಸಿತು. ಬಿಚ್ಚಿ ಬಂದಿದ್ದಾನೆ ಎಂದು ಇವನು ಅಂದುಕೊಂಡ. ಕೇಳಲಿಲ್ಲ.

ಇಬ್ಬರೂ ನೆತ್ತಿಯ ಮೇಲಿದ್ದಾಗ ಚೈನಿನ ಕೊಕ್ಕೆ ಬಾಯಿ ಬಿಟ್ಟಿತು.

"ನಾಲ್ಕು ಮಹಡಿ, ಒಂದೂವರೆ ಸೆಕೆಂಡು ಮೇಷ್ಟ್ರೇ. ಲೆಕ್ಕ ಹಾಕಿದೀನಿ. ಸದ್ದಿಲ್ಲ, ಭಾರ ಇಲ್ಲ. ಸ್ಪ್ಯಾನರು ನಮ್ಮಿಬ್ರ ಮುಖದ ಮಧ್ಯ ಸುಮ್ನೆ ನಿಂತಿತ್ತು. ಮೊಳೆ ಹೊಡೆದು ಗೋಡೆಗೆ ತಗುಲಿಹಾಕಿದ ಹಾಗೆ. ಅವ್ನ ಕೂದಲೆಲ್ಲ ನೀರೊಳಗೆ ಇದ್ದಂಗೆ ಎದ್ದಿತ್ತು. ಅದನ್ನ ನೋಡಿ ನಕ್ಕ. 'ಭಾವ, ಇಲ್ನೋಡು' ಅಂದು ಕೈ ಚಾಚಿದ, ಹೂ ಕೀಳೋ ತರ. ಆಮೇಲೆ ನೆಲ ಬಂತು."

ಇವನ ಕಾಲು ಮುರಿಯಿತು. ಭಾವ ಅಲ್ಲೇ ಮುಗಿದ. ಕೊಕ್ಕೆ ಹಳೆಯದಾಗಿತ್ತು ಎಂದು ವಿಚಾರಣೆಯವರು ಬರೆದುಕೊಂಡು ಹೋದರು. ನುಜ್ಜುಗುಜ್ಜಾದ ಗೂಡಿನ ಅಡಿಯ ತಂತಿಯನ್ನು ಯಾರೂ ನೋಡಲಿಲ್ಲ. ಇಪ್ಪತ್ತಾರು ವರ್ಷದ ತಂಗಿ ಆಸ್ಪತ್ರೆಯಲ್ಲಿ ಇವನ ಮಂಚದ ಪಕ್ಕ ನಿಂತು, "ಅವ್ರು ಏನಾದ್ರೂ ಅಂದ್ರಾ ಅಣ್ಣ?" ಎಂದು ಕೇಳಿದಾಗ ಇವನು ಇಲ್ಲವೆಂದು ತಲೆಯಾಡಿಸಿದ. ಅಂದಿದ್ದ ಎಂದರೆ ನಕ್ಕದ್ದನ್ನು ಹೇಳಬೇಕು, ನಕ್ಕದ್ದನ್ನು ಹೇಳಿದರೆ ಇಡೀ ಒಂದೂವರೆ ಸೆಕೆಂಡನ್ನು ಹೇಳಬೇಕು, ಅದರ ಹಿಂದಿನ ಊಟದ ಹೊತ್ತನ್ನೂ ಹೇಳಬೇಕು. ಹೇಳಿದರೆ ಇರುವ ಒಬ್ಬಳೇ ತಂಗಿಯೂ ಇಲ್ಲವಾಗುತ್ತಾಳೆ. ಹೇಳದಿದ್ದರೆ ಅವಳ ಮನೆಯಲ್ಲಿ ನುಂಗುವ ಪ್ರತಿ ತುತ್ತೂ ಕಳ್ಳತನದ್ದು. ಈ ಇಕ್ಕಟ್ಟಿನಲ್ಲಿ ಅವನು ಬದುಕಿದ. ಭೌತಶಾಸ್ತ್ರ ಅವನಿಗೆ ಬೇಕಾಗಿದ್ದದ್ದು ಇದಕ್ಕೆ.

ಓದಿ ಓದಿ ಅವನು ಒಂದು ಪೇಚಿಗೆ ಬಂದು ನಿಂತಿದ್ದ. "ಇಲ್ಲಿ ನೆಲ ಮೇಲಕ್ಕೆ ಬರತ್ತೆ, ಸರಿ. ಭೂಮಿಯ ಆ ಕಡೆ ಇರೋರಿಗೂ ಮೇಲಕ್ಕೇ ಬರತ್ತೆ. ಹಾಗಾದ್ರೆ ಭೂಮಿ ಬಲೂನಿನ ತರ ಊದ್ಕೋಬೇಕಲ್ಲ? ಊದ್ಕೊಂಡಿಲ್ಲ. ನಾನು ಸುಳ್ಳು ಹೇಳ್ತಿದೀನಾ ಹಾಗಾದ್ರೆ?" ಕಾಲವೂ ಜಾಗವೂ ಸೇರಿ ಒಂದೇ ಹಾಸು, ಭಾರವಾದ ವಸ್ತುಗಳ ಸುತ್ತ ಆ ಹಾಸೇ ಬಾಗಿರುತ್ತದೆ ಎಂದು ಪುಸ್ತಕದಲ್ಲಿದ್ದದ್ದನ್ನು ನಾನು ಓದಿ ಹೇಳಿದೆ. ನನಗೆ ಅರ್ಥವಾಗಿರಲಿಲ್ಲ. ಅವನು ಎದ್ದುಹೋಗಿ, ಮರುದಿನ ಪುಸ್ತಕಾಲಯದ ಕುಡಿಯುವ ನೀರಿನ ಮಣ್ಣಿನ ಹೂಜಿಯನ್ನು ಬರಿದುಮಾಡಿ ಮೇಜಿನ ಮೇಲಿಟ್ಟು, ಕೋಟಿನಿಂದ ಕರಿಯ ಇನ್ಸುಲೇಶನ್ ಟೇಪು ತೆಗೆದ.

ಹೂಜಿಯ ಹೊಟ್ಟೆಯಿಂದ ಎರಡು ಪಟ್ಟಿ ಟೇಪನ್ನು ನಾಲ್ಕು ಬೆರಳ ಅಂತರದಲ್ಲಿ, ನೆಟ್ಟಗೆ, ಜೊತೆಜೊತೆಯಾಗಿ ಮೇಲಕ್ಕೆ ಅಂಟಿಸತೊಡಗಿದ. "ಟೇಪಿಗೆ ಪಕ್ಕಕ್ಕೆ ತಿರುಗೋಕೆ ಬರಲ್ಲ ಮೇಷ್ಟ್ರೇ. ಸುಕ್ಕಿಲ್ದೆ ಅಂಟಿದ್ರೆ ಅದು ನೇರ ಹೋಗ್ತಿದೆ ಅಂತಾನೇ ಅರ್ಥ." ಎರಡೂ ಪಟ್ಟಿಗಳು ಒಂದು ಸುಕ್ಕೂ ಇಲ್ಲದೆ ಏರಿದವು, ಏರುತ್ತ ಏರುತ್ತ ಹತ್ತಿರವಾದವು, ಹೂಜಿಯ ಕೊರಳಿನಲ್ಲಿ ಒಂದರ ಮೇಲೊಂದು ಹತ್ತಿದವು. "ಯಾರಾದ್ರೂ ಎಳೆದ್ರಾ? ಇಲ್ಲ. ಇದೊಂದು ಸ್ಪ್ಯಾನರು, ಇದೊಂದು ಭೂಮಿ. ಉದ್ದಕ್ಕೆ ಹೋಗ್ತಿರೋದು ಹೊತ್ತು. ಸುಮ್ನೆ ಕೂತ್ರೂ ನಾಳೆ ಕಡೆಗೆ ಹೋಗ್ತಾನೇ ಇರ್ತೀವಲ್ಲ. ಇಬ್ರೂ ನೆಟ್ಟಗೆ ನಾಳೆ ಕಡೆಗೆ ಹೊರಟ್ರು, ಹಾಸು ಬಾಗಿದೆ, ಸೇರಿದ್ರು." ಆಮೇಲೆ ಮೂರನೆಯ ಪಟ್ಟಿಯೊಂದನ್ನು ಮೊದಲನೆಯದರಿಂದ ಅದೇ ನಾಲ್ಕು ಬೆರಳ ಅಂತರ ಬಿಡದಂತೆ ಅಂಟಿಸಲು ನೋಡಿದ. ಅದಕ್ಕಾಗಿ ಅಂಗುಲ ಅಂಗುಲಕ್ಕೂ ಟೇಪನ್ನು ಪಕ್ಕಕ್ಕೆ ತಳ್ಳಬೇಕಾಯಿತು, ಒಂದು ಅಂಚಿನುದ್ದಕ್ಕೂ ಸುಕ್ಕು ಎದ್ದಿತು. "ಇದು ನಾವು," ಎಂದ, ಸುಕ್ಕಿನ ಮೇಲೆ ಬೆರಳಾಡಿಸುತ್ತ. "ಸೇರಬಾರ್ದು ಅಂತ ನೆಲ ನಮ್ಮನ್ನ ಹೊತ್ತು ಹೊತ್ತಿಗೂ ತಳ್ತಿದೆ. ಅದಕ್ಕೇ ಭೂಮಿ ಊದ್ಕೊಳ್ದೇನೂ ನೆಲ ಬರೋದು. ಚಂದ್ರನಿಗೆ ಯಾರೂ ತಳ್ಳೋರಿಲ್ಲ, ಅವ್ನು ನೆಟ್ಟಗೆ ಹೋಗ್ತಿದಾನೆ. ಭಾರ ಇರೋದು ತಡೆಸಿಕೊಂಡೋರಿಗೆ ಮಾತ್ರ."

ಅವತ್ತು ಮಧ್ಯಾಹ್ನ ಪುಸ್ತಕಾಲಯದಲ್ಲಿ ಕೂತಿದ್ದಾಗ, ನನ್ನ ಕುರ್ಚಿ ನನ್ನನ್ನು ಮೇಲಕ್ಕೆತ್ತುತ್ತಿರುವುದು ಮೊದಲ ಬಾರಿಗೆ ತಿಳಿಯಿತು. ಕಪಾಟುಗಳು, ಪುಸ್ತಕಗಳು, ಓದುತ್ತ ತೂಕಡಿಸಿದ ಮುದುಕರ ಗಲ್ಲದ ಕೆಳಗಿನ ಅಂಗೈ, ಎಲ್ಲವೂ ಸದ್ದಿಲ್ಲದೆ ತಳ್ಳುತ್ತಿದ್ದವು, ತಳ್ಳಿಸಿಕೊಳ್ಳುತ್ತಿದ್ದವು. ಎದ್ದು ಕಿಟಕಿಗೆ ಹೋದೆ. ನಿಂತರೂ ಅದೇ. ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ ಎಂಬುದು ಹೊಳೆದು ಕಿಟಕಿಯನ್ನು ಮುಚ್ಚಿ ಬಂದೆ.

ಅವನು ಗುಂಡಿಯಲ್ಲಿ ಊಟ ಮಾಡುವ ಕಾರಣವೂ ಆ ಪುಸ್ತಕಗಳಿಂದಲೇ ಬಂದದ್ದು. ಭೂಮಿಗೆ ಹತ್ತಿರವಾದಷ್ಟೂ ಕಾಲ ನಿಧಾನ. ಎತ್ತರದಲ್ಲಿ ಕೊಂಚ ಬೇಗ. ಇದನ್ನು ಓದಿದ ವಾರವೇ ಲಿಫ್ಟಿನ ಮೋಟಾರಿರುವ ತುದಿಕೋಣೆಯಲ್ಲೊಂದು, ಗುಂಡಿಯಲ್ಲೊಂದು ಗಡಿಯಾರ ತೂಗುಹಾಕಿದ. ಮೂವತ್ತು ಮೀಟರಿನ ಎತ್ತರಕ್ಕೆ ಒಂದು ಸೆಕೆಂಡಿನ ವ್ಯತ್ಯಾಸ ಕಾಣಲು ಹೆಚ್ಚುಕಡಿಮೆ ಒಂದು ಕೋಟಿ ವರ್ಷ ಕಾಯಬೇಕು ಎಂದು ನಾನು ನಕ್ಕೆ. "ನಿಮ್ಗೇನ್ ಅವಸರ?" ಎಂದ. ಒಂದೇ ವಾರದಲ್ಲಿ ಗಡಿಯಾರಗಳ ನಡುವೆ ಎರಡು ನಿಮಿಷದ ಅಂತರ ಬಂದಾಗ, "ಇದು ಅಂಗಡಿಯವನ ಮಹಿಮೆ, ಕಾಲದ್ದಲ್ಲ" ಎಂದು ತಾನೇ ಸರಿಮಾಡಿದ. ಆದರೆ ಗುಂಡಿಯಲ್ಲಿ ಕೂತಾಗ ಅವನು ನಗುತ್ತಿರಲಿಲ್ಲ. "ಮೇಲೆ ಇರೋರಿಗಿಂತ ಇಲ್ಲಿ ಒಂದು ಕೂದಲೆಳೆಯಷ್ಟು ಕಡಿಮೆ ಹೊತ್ತು ಕಳೆದಿದೆ. ಅವ್ನು ಇಲ್ಲಿಗೆ ಒಂಚೂರು ಹತ್ರ ಇದಾನೆ ಮೇಷ್ಟ್ರೇ," ಎಂದು ಅನ್ನ ಕಲಸುತ್ತ ಹೇಳುವಾಗ ಅವನ ಕಣ್ಣು ನನ್ನ ಭುಜದ ಪಕ್ಕದ ಖಾಲಿ ಜಾಗದಲ್ಲಿರುತ್ತಿತ್ತು. ನಾನು ಆ ಕಡೆ ತಿರುಗಿ ನೋಡುತ್ತಿರಲಿಲ್ಲ.

ಕಳೆದ ವರ್ಷ, ಎಪ್ಪತ್ತು ತುಂಬಿದ ಮೇಲೆ, ತಂಗಿಗೆ ಹೇಳಿಬಿಡುತ್ತೇನೆ ಎಂದ. "ಸಮಾಧಾನಕ್ಕೆ ಹೇಳಿದ್ದು ಅಂತ ಅವ್ಳಿಗೆ ಅನ್ನಿಸ್ಬಾರ್ದು. ನಿಜ ಅಂತ ತೋರಿಸ್ಬೇಕು. ನಾನು ತಪ್ಪಿದ್ರೆ ತಿದ್ದೋಕೆ ನೀವು ಬನ್ನಿ." ಭಾನುವಾರ ಮಧ್ಯಾಹ್ನ ಹೋದೆವು. ತಂಗಿ ಬಟ್ಟೆ ಹೊಲಿದು ಬದುಕಿದವಳು. ಅರವತ್ತನಾಲ್ಕರಲ್ಲೂ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಮೆಷಿನ್ನಿನ ಮುಂದೆ ಕೂತಿದ್ದಳು. ಅಣ್ಣನ ಕಂಕುಳಲ್ಲಿ ಹೂಜಿ ನೋಡಿ, "ಏನಣ್ಣ, ನಮ್ಮನೇಲಿ ನೀರಿಲ್ಲ ಅಂತ ಮನೆಯಿಂದಾನೇ ತಂದ್ಯಾ?" ಎಂದಳು.

ಅವನು ನೆಲದ ಮೇಲೆ ಕೂತು ಟೇಪು ಅಂಟಿಸಿದ. ಎರಡು ಸಲ ಸುಕ್ಕಾಯಿತು, ಕಿತ್ತು ಮತ್ತೆ ಅಂಟಿಸಿದ. ಹೇಳಿದ: ಸ್ಪ್ಯಾನರು ನಿಂತದ್ದು, ಕೂದಲು ಎದ್ದದ್ದು, ನಕ್ಕದ್ದು, 'ಇಲ್ನೋಡು' ಎಂದದ್ದು. "ಅವ್ನಿಗೆ ಭಾರಾನೇ ಇರ್ಲಿಲ್ಲಮ್ಮ. ಯಾರೂ ಎಳೀಲಿಲ್ಲ. ಅಷ್ಟು ಹೊತ್ತು ಅವ್ನು ನಮ್ಮೆಲ್ರಿಗಿಂತ ನೆಟ್ಟಗೆ ಹೋಗ್ತಿದ್ದ." ನಾನು ತಿದ್ದಬೇಕಾದದ್ದು ಒಂದೂ ಇರಲಿಲ್ಲ.

ಅವಳು ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ತೆಗೆದಳು.

"ಸರಿ," ಎಂದಳು. "ಸೇಫ್ಟಿ ಯಾಕೆ ಹಿಡೀಲಿಲ್ಲ?"

ಅವಳು ಮೆಕ್ಯಾನಿಕ್ಕಿನ ಹೆಂಡತಿಯಾಗಿದ್ದವಳು, ಮೆಕ್ಯಾನಿಕ್ಕಿನ ತಂಗಿ. ನಾವಿಬ್ಬರೂ ಅದನ್ನು ಮರೆತಿದ್ದೆವು.

"ನಾನು ಕಟ್ಟಿದ್ದೆ," ಎಂದ ಅವನು. "ಬಿಚ್ಲಿಲ್ಲ. ಕೇಳಲೂ ಇಲ್ಲ."

ಅವಳು ಕೆಳಗಿಳಿದು ಕೂತು, ಹೂಜಿಯ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ಸುಲಿದು, ಉಂಡೆಮಾಡಿ, ಚಿಂದಿಯ ಬುಟ್ಟಿಗೆ ಹಾಕಿದಳು. ಬರಿಯ ಹೂಜಿಯನ್ನು ನನ್ನ ಕೈಗಿತ್ತು, "ಮೇಷ್ಟ್ರೇ, ಇವ್ನನ್ನ ಕರ್ಕೊಂಡ್ ಹೋಗಿ," ಎಂದಳು. ಬೀದಿಯ ತಿರುವಿನವರೆಗೂ ಅವಳ ಮೆಷಿನ್ನಿನ ಸದ್ದು ಕೇಳಲಿಲ್ಲ.

ಆಮೇಲೆ ಏಳು ಭಾನುವಾರ ಅವನು ಹೋಗಿ ಬಾಗಿಲು ತಟ್ಟಿ ಮರಳಿದ. ಏಳನೆಯ ಭಾನುವಾರದ ಮರುದಿನ ಮಧ್ಯಾಹ್ನ ಎರಡಾದರೂ ಸಾಮಾನಿನ ಲಿಫ್ಟು ಕದಲಲಿಲ್ಲ. ಗುಂಡಿಯಲ್ಲಿ ಸ್ಟೂಲಿನ ಮೇಲೆ, ಗೋಡೆಗೆ ಒರಗಿ ಕೂತಿದ್ದ. ಬುತ್ತಿ ಬಿಚ್ಚಿರಲಿಲ್ಲ, ಮುಖದಲ್ಲಿ ನೋವಿನ ಗುರುತಿರಲಿಲ್ಲ. ಹೃದಯ ನಿಂತಿದೆ ಎಂದರು. ಬಲಗೈ ಮುಂದಕ್ಕೆ ಚಾಚಿಕೊಂಡಿತ್ತು, ಬೆರಳುಗಳು ಏನನ್ನೋ ಹಿಡಿದುಕೊಳ್ಳುವಷ್ಟು ಮಾತ್ರ ಮಡಚಿದ್ದವು. ನಾನು ಅದನ್ನು ಇಳಿಸಿ ತೊಡೆಯ ಮೇಲಿಟ್ಟೆ.

ಹದಿನೈದು ದಿನ ಕಳೆದು ತಂಗಿ ಕಟ್ಟಡಕ್ಕೆ ಬಂದು, ಗುಂಡಿಗೆ ಇಳಿಯಬೇಕು ಎಂದಳು. ನಾನು ಏಣಿ ಹಿಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ತಳದಲ್ಲಿ ನಿಂತು, ಅಂಗೈಯನ್ನು ಸಿಮೆಂಟಿನ ಮೇಲೆ ಇಟ್ಟು, ತೆಗೆದು, ಅಂಟಿದ ಗ್ರೀಸನ್ನು ನೋಡಿಕೊಂಡಳು. ಬಯ್ಯಬಹುದು, ಅಳಬಹುದು ಎಂದು ನಾನು ಕಾದೆ. ಅವಳು ಮೇಲೆ ನಿಂತಿದ್ದ ನನ್ನತ್ತ ಕತ್ತೆತ್ತಿ, "ಇಬ್ರೂ ಸೇರ್ಕೊಂಡು ನನ್ನೊಬ್ಳನ್ನೇ ಮೇಲೆ ಬಿಟ್ರಲ್ಲ ಮೇಷ್ಟ್ರೇ," ಎಂದಳು. ಸಿಟ್ಟೋ, ಕ್ಷಮೆಯೋ, ನನಗೆ ತಿಳಿಯಲಿಲ್ಲ. ಸ್ಟೂಲಿನ ಮೇಲೆ ಕೂತಳು. ಬಹಳ ಹೊತ್ತು ಕೂತಿದ್ದಳು.

ತಮ್ಮ ಕೈಯ ಒಂದು ಗೇಣು ತಂತಿಯ ಲೆಕ್ಕ ಒಪ್ಪಿಸಲಾರದೆ ನಕ್ಷತ್ರಗಳವರೆಗೂ ಹೋಗಿ ಬರುವ ಜನರಿರುತ್ತಾರೆ. ಕುತೂಹಲಿಗಳೆಂದು, ಹುಚ್ಚರೆಂದು ನಾವು ಅವರಿಗೆ ಅಡ್ಡಹೆಸರಿಡುತ್ತೇವೆ. ಅವರು ಕಲಿತದ್ದೆಲ್ಲ ನಿಜವೇ ಆಗಿರುತ್ತದೆ, ಆ ನಿಜದಲ್ಲಿ ಅವರ ತಪ್ಪಿಗೆ ಜಾಗವೇ ಇರುವುದಿಲ್ಲ. ವಿಶ್ವದ ನಿಯಮ ಯಾರನ್ನೂ ದೂರುವುದಿಲ್ಲ, ಯಾರನ್ನೂ ಮನ್ನಿಸುವುದೂ ಇಲ್ಲ. ಆದ್ದರಿಂದ ಅಷ್ಟು ದೂರ ಹೋದವರು ಕೊನೆಗೆ ಒಂದು ಚಿಕ್ಕ ಕೋಣೆಗೆ ಮರಳಿ, ಒಬ್ಬ ಹೆಂಗಸಿನ ಮುಂದೆ ನೆಲದ ಮೇಲೆ ಕೂತು, ಮೂರು ಮಾತು ಹೇಳಲೇಬೇಕಾಗುತ್ತದೆ. ಅವನಿಗೆ ಅದಕ್ಕೆ ಮೂವತ್ತೆಂಟು ವರ್ಷ ಹಿಡಿಯಿತು. ನಮ್ಮಲ್ಲಿ ಹೆಚ್ಚಿನವರು ಹೊರಡುವುದೇ ಇಲ್ಲ.